ಒಂದಿಂಚಿಗೆ ಎಷ್ಟು ಎಳಿ

ಬಟ್ಟಿ ಬೆಳಕಿಗೆ ಹಿಡಿದರ ಸಾಕು, ಹೇಳತೇನಿ ನಾ:
ಇದು ಬಿಗಿ, ಇದು ಜಾಳು,
ಇಲ್ಲೆ ಮಗ್ಗಕ್ಕ ಕೂತಾಕಿಗೆ ತೂಕಡಿಕಿ ಬಂದಿತ್ತು.
ಬೆಟಗೇರಿಯ ಕುಣಿಮಗ್ಗದಾಗ ನಲವತ್ತೊಂದು ವರ್ಷ.
ನನ್ನ ಎಲುವಿನ ಜಾಳು ಮಾತ್ರ
ಯಾವ ಬೆಳಕಿಗೂ ಕಾಣಲಿಲ್ಲ.

ಮಾಳಿಗಿಯಿಂದಲ್ಲ, ಬಸ್ಸಿನಿಂದಲ್ಲ,
ಬಚ್ಚಲ ಬಾಗಲದಾಗ
ನಿಂತ ನೆಲದಿಂದ ನಿಂತ ನೆಲಕ್ಕ ಬಿದ್ದೆ.
ಮುಂಗೈ ಮುರೀತು, ಒಣ ಹತ್ತಿಕಟಗಿಯಂಗ.
ಪಟ್ಟಿ ಸುತ್ತಿದ ಡಾಕ್ಟರು ಕೈ ಬಿಟ್ಟು ಮಾರಿ ನೋಡಿದರು:
"ಇಷ್ಟ ಬಿದ್ದದ್ದಕ್ಕ ಇಷ್ಟು ಮುರೀಬಾರದವ್ವಾ.
ಹುಬ್ಬಳ್ಳಿಗೆ ಹೋಗಿ ಎಲುವಿನ ಸಾಂದ್ರತೆ ನೋಡಿಸು."
ಸಾಂದ್ರತೆ.
ದಟ್ಟ ಅಂದಿದ್ದರ ಆವಾಗಲೇ ತಿಳೀತಿತ್ತು.

ಓಣ್ಯಾಗ ಒಬ್ಬಾಕಿ ಅಂದಳು, ಗವಿಯೊಳಗ ದಬ್ಬತಾರ, ಗುಡುಗತೈತಿ.
ಇನ್ನೊಬ್ಬಾಕಿ, ಸೂಜಿ ಹಾಕಿ ಎಲುವಿನ ರಸ ಎಳೀತಾರ.
ಎಲ್ಲೆಲ್ಲಿದೋ ಯಂತ್ರದ ಕಥಿ
ಇದಕ್ಕ ತಂದು ಹೊಲದಿದ್ದರು.
ಫೋನಿನಾಗ ಕೇಳಿದರ ಇಷ್ಟ ಹೇಳಿದರು:
ಕ್ಯಾಲ್ಸಿಯಂ ಗುಳಿಗಿ ಇವತ್ತ ಬ್ಯಾಡ.
ಊಟಾ ಮಾಡ್ರಿ, ಚಾ ಕುಡೀರಿ, ಅಡ್ಡಿಲ್ಲ.

ಅಣ್ಣಿಗೇರಿ ದಾಟೂತನಾ ರೈಲಿನಾಗ ನಿಂತೇ ಬಂದೆ,
ಮುರಿದ ಕೈ ಎದಿಗೆ ಅವಚಿಕೊಂಡು, ಕೂಸಿನಂಗ.

ವಿದ್ಯಾನಗರದಾಗ ತಹಸೀನ್ ಅಂತ ಒಂದು ಹುಡುಗಿ.
ಕೀಲಿಗೊಂಚಲು ತೆಗಿಸಿದಳು, ಹುಕ್ಕಿನ ಕುಪ್ಪಸ ಬಿಚ್ಚಿಸಿ ನಿಲುವಂಗಿ ಕೊಟ್ಟಳು.
ಮೊದಲ ಎಲ್ಯರೆ ಮುರಿದಿತ್ತೇನ್ರಿ?
ಉಬ್ಬಸಕ್ಕ ಭಾಳ ದಿನ ಗುಳಿಗಿ ನುಂಗೀರೇನು?
ಮುಟ್ಟು ಯಾವಾಗ ನಿಂತಿತು?
ಗಂಡಗೂ ಹೇಳದ್ದು ಇಕಿಗೆ ಹೇಳಿದೆ,
ನಲವತ್ತೆರಡಕ್ಕ.
ತಲಿ ಎತ್ತದ ಬರಕೊಂಡಳು. ಬರೀಬೇಕಾದ ಮಾತಂತ ಅದು.

ಮಲಗಿದೆ. ಕಾಲ ಕೆಳಗ ಸ್ಪಂಜಿನ ಪೆಟ್ಟಿಗಿ.
ಮ್ಯಾಲೆ ಒಂದು ತೋಳು, ಗವಿ ಇಲ್ಲ, ಗುಡುಗಿಲ್ಲ,
ಆ ಕಡೆ ಹೋತು, ಈ ಕಡೆ ಬಂತು,
ಲಾಳಿಯಂಗ.
ಎಣಿಸಿದೆ. ಹಳೇ ಚಟ.
ನೂರಾ ಹನ್ನೆರಡು ಮುಟ್ಟೂದರಾಗ "ಏಳ್ರಿ ಮಾವಶಿ" ಅಂದಳು.

ಮೈನಸ್ ಎರಡು ಪಾಯಿಂಟ್ ಏಳು.
ಯಾವುದರಾಗ ಏನು ಕಳದಾರಬೇ?
"ಮೂವತ್ತರ ಹರೇದಾಕಿ ಎಲುವಿನ ಜೋಡಿ ಹೋಲಿಸಿ ನೋಡತಾರ್ರಿ.
ಎರಡೂವರಿಕ್ಕಿಂತ ಕೆಳಗ ಇಳದ್ರ ಟೊಳ್ಳು ಅಂತ."

ಯಾರಕಿ ಆ ಮೂವತ್ತರಾಕಿ?
ನನಗ ಮೂವತ್ತಿದ್ದಾಗ
ಒಂದು ಹೊಟ್ಯಾಗ, ಒಂದು ಎದಿಮ್ಯಾಗ,
ಕುಣಿಯೊಳಗ ಬಿಸಿಲು ಇಳೀತಿದ್ದಿಲ್ಲ,
ಹಾಲು ಇತ್ತು, ಚಾದ ಬಣ್ಣ ತಿರುಗೂವಷ್ಟು.
ಅಕಿ ಜೋಡಿ ನನ್ನ ಹೋಲಿಸಿದರ ಇಬ್ಬರೂ ಸೋಲತೇವಿ.

ಡಾಕ್ಟರು ಬರೇ ಅಂಕಿ ನೋಡಲಿಲ್ಲ.
ಅಂಕಿ, ವಯಸ್ಸು, ಮುರಿದ ಮುಂಗೈ,
ಕೂಡಿಸಿ ಔಷಧ ಬರದರು.
"ಎರಡು ವರ್ಷಕ್ಕ ಮತ್ತ ಬಾ. ಇದೇ ಯಂತ್ರಕ್ಕ ಬಾ."
ನಕ್ಕೆ. ಹಣಿಗಿ ಬದಲಾದರ ಎಳಿ ಲೆಕ್ಕ ಕೂಡೂದಿಲ್ಲ,
ಇದನ್ನ ನನಗ ಹೇಳಬೇಕಾ?

"ಮನ್ಯಾಗ ಯಾರರೆ ಬಗ್ಗಿದ್ದರೇನು?" ಅಂತ ಕೇಳಿದರು ಆಮ್ಯಾಲೆ.

ನಮ್ಮವ್ವ.
ಮಗ್ಗ ಬಗ್ಗಿಸಿತು ಅಂದಿದ್ದೆವು ಎಲ್ಲಾರೂ.
ಸೀರಿ ಅಂಚು ನೆಲಾ ಎಳೀತಿತ್ತು, ಅಕಿ ಬೈತಿದ್ದಳು ನನಗ:
"ಪನ್ನಾ ಹೆಚ್ಚು ನೇಯ್ದೀಯಲ್ಲೇ ಹುಚ್ಚಿ, ನೂಲು ಪುಕ್ಕಟ ಬಂದೈತೇನು?"
ಬೆನ್ನಿನ ಮಣಿ ಒಂದೊಂದ ಸದ್ದಿಲ್ಲದ ಕುಸೀತಿದ್ದವು.
ಸದ್ದು ಮಾಡದ್ದನ್ನ ಯಾರೂ ಎಣಿಸಲಿಲ್ಲ.

ರಾತ್ರಿ ಮನಿಗೆ ಬಂದು ದೀಪದ ಕೆಳಗ ನಿಂತೆ.
ಉಟ್ಟ ಸೀರಿ ನಂದೇ ನೇಯ್ಗಿ,
ಅಂಚು ಹಿಮ್ಮಡ ದಾಟಿ ನೆಲಕ್ಕ ಬಂದಿತ್ತು.
ಬಿಚ್ಚಿ ಒಂದ ಕೈಲೆ ಟೇಪು ಹಿಡಿದು ಅಳದೆ.
ನಲವತ್ತೆಂಟು ಇಂಚು.
ಪನ್ನಾ ಸರಿ ಐತಿ.